ಅಲರ್ಜಿ ಇಲ್ಲದ ಬೆಕ್ಕು

ವೀರೇಶ ಪ್ಲಾಸ್ಟಿಕ್ ಬುಟ್ಟಿ ಹಿಡಿದು ಒಳಗೆ ಬಂದಾಗ ರಾಜಶ್ರೀ ಫೋನಿನ ಮುಂದೆ ಕುಳಿತು ಹಸಿರು ಸೀರೆಯೊಂದರ ಸೆರಗು ಬಿಡಿಸಿ ತೋರಿಸುತ್ತಿದ್ದಳು. ಬುಟ್ಟಿಯೊಳಗಿಂದ 'ಮ್ಯಾಂವ್' ಎಂದದ್ದು ಫೋನಿನ ಆಚೆಗಿದ್ದವರಿಗೂ ಕೇಳಿಸಿರಬೇಕು, ಸೊಲ್ಲಾಪುರದ ಗಿರಾಕಿಯೊಬ್ಬಳು ನಗುವ ಮುಖದ ಚಿತ್ರ ಕಳಿಸಿದಳು. ರಾಜಶ್ರೀ ನಗಲಿಲ್ಲ. ಫೋನು ಆರಿಸಿ ಎದ್ದು ನಿಂತಳು.

"ಏನ್ರಿ ಅದು?"

"ಸಿಟ್ಟಾಗಬ್ಯಾಡ, ಮೊದಲ ಕೇಳು. ಇದು ಸೈಬೀರಿಯನ್ ಜಾತಿ ಬೆಕ್ಕು. ಇದರಿಂದ ಅಲರ್ಜಿ ಆಗೂದಿಲ್ಲ. ಮುಧೋಳದಾಗ ಅಣ್ಣಾಸಾಹೇಬ್ರು ಅಂತ ಅದಾರ, ಇವನ್ನ ಸಾಕಿ ಮಾರ್ತಾರ. ಅವರನ್ನ ಕೇಳೇ ತಂದೇನಿ."

ಬುಟ್ಟಿಯ ಬಾಗಿಲು ತೆರೆಯುತ್ತಿದ್ದಂತೆ ಬೂದು ಬಣ್ಣದ ತುಪ್ಪುಳದ ಉಂಡೆಯೊಂದು ಹೊರಬಂದು ಸೀರೆಗಳ ರಾಶಿಯ ಮೇಲೆ ಕುಳಿತಿತು. ಮಹಡಿಯಿಂದ ಓಡಿಬಂದ ಗಂಗಾಂಬಿಕಾ ಅದನ್ನು ಎತ್ತಿಕೊಂಡು ಎದೆಗೆ ಒತ್ತಿಕೊಂಡಳು. ವೀರೇಶನ ತಂಗಿ ಹಾಗೆ ನಕ್ಕಿದ್ದನ್ನು ಆ ಮನೆ ಕಂಡು ಎಷ್ಟೋ ದಿನವಾಗಿತ್ತು. ಜಮಖಂಡಿಯ ಕಡೆಯವರು ನಿಶ್ಚಯ ಮುರಿದ ಮೇಲೆ ಅವಳು ಉಣ್ಣುವುದೂ ಮಾತಾಡುವುದೂ ಅಷ್ಟಕ್ಕಷ್ಟೇ ಆಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗಳ ಮುಖ ನೋಡುತ್ತಿದ್ದ ಕಸ್ತೂರೆವ್ವನ ಕಣ್ಣು ತುಂಬಿ ಬಂದವು.

ಅಂಥ ಗಳಿಗೆಯಲ್ಲಿ ಬೇಡ ಅನ್ನುವುದು ಹೇಗೆ? ರಾಜಶ್ರೀ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು.

ಅವಳ ತವರು ಕೃಷ್ಣೆಯ ದಂಡೆಯ ಗಲಗಲಿ. ಅಲ್ಲಿ ಕಾಳು ತುಂಬುವ ಕೋಣೆಯಲ್ಲಿ ಸದಾ ಬೆಕ್ಕುಗಳಿರುತ್ತಿದ್ದವು. ಚಿಕ್ಕವಳಿದ್ದಾಗ ಮರಿಗಳ ಜೊತೆ ಮಲಗಿ ಎದ್ದರೆ ಕಣ್ಣು ಊದಿಕೊಂಡು ಮುಚ್ಚಿಹೋಗುತ್ತಿದ್ದವು. ಒಂದು ಸಲವಂತೂ ಉಸಿರೇ ಹಿಡಿದು, ಅಪ್ಪ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಬೀಳಗಿಯ ದವಾಖಾನೆಗೆ ಓಡಿದ್ದ. ಅಂದಿನಿಂದ ಆ ಮನೆಯಲ್ಲಿ ಬೆಕ್ಕಿಗೆ ಜಾಗವಿರಲಿಲ್ಲ. ಬನಹಟ್ಟಿಯ ಈ ಮನೆಯವರು ಕನ್ಯೆ ನೋಡಲು ಬಂದಾಗ ಅವಳೇ ಬಾಯಿ ಬಿಟ್ಟು ಹೇಳಿದ್ದಳು, "ನನಗ ಬೆಕ್ಕಿನಿಂದ ದಮ್ಮು ಬರ್ತೈತ್ರಿ." "ನಮ್ಮ ಮನ್ಯಾಗ ಮಗ್ಗ ಅದಾವ, ಬೆಕ್ಕ ಎಲ್ಲಿಂದ ಬರಬೇಕು ಯವ್ವಾ?" ಎಂದು ಕಸ್ತೂರೆವ್ವ ನಕ್ಕಿದ್ದಳು. ಆ ಮಾತು ಎಲ್ಲರಿಗೂ ಹಗುರವಾಗಿಹೋಗಿತ್ತು, ರಾಜಶ್ರೀಯ ಶ್ವಾಸನಾಳ ಒಂದನ್ನು ಬಿಟ್ಟು.

ಮೊದಮೊದಲು ಬೆಕ್ಕು ಮಹಡಿಯ ಮೇಲೆ ಗಂಗಾಳ ಕೋಣೆಯಲ್ಲೇ ಇತ್ತು. ರಾಜಶ್ರೀಗೆ ಮೂಗು ಸೋರಿತು, ಕಣ್ಣು ಕೆರೆಯಿತು, ಅಷ್ಟೆ. ಅಣ್ಣಾಸಾಹೇಬ ಹೇಳಿದ್ದು ಖರೆ ಇದ್ದರೂ ಇರಬಹುದು ಎಂದು ಅವಳೂ ಅಂದುಕೊಂಡಳು. ಆಮೇಲೆ ಅದು ಮನೆಗೆ ಹೊಂದಿಕೊಂಡು ಮೆಟ್ಟಿಲಿಳಿದು ಬಂತು. ಸೀರೆಯ ರಾಶಿಯ ಮೇಲೆ ಮಲಗಿತು, ಅವಳ ದಿಂಬಿನ ಮೇಲೆ ಮಲಗಿತು, ಒಗೆದು ಮಡಚಿಟ್ಟ ಬಟ್ಟೆಯ ಮೇಲೆ ಕುಳಿತು ಮೈ ನೆಕ್ಕಿಕೊಂಡಿತು. ಅವಳ ಎದೆಯಲ್ಲಿ ಸಿಳ್ಳೆ ಶುರುವಾಯಿತು.

ಮಾರಾಟ ನಡೆಯುವುದು ಅವಳ ದನಿಯ ಮೇಲೆ. ಮನೆಯ ಮಗ್ಗದ ಸೀರೆಗಳನ್ನು ಫೋನಿನಲ್ಲಿ ನೇರವಾಗಿ ತೋರಿಸಿ ಮಾರುವ ದಾರಿ ಹುಡುಕಿದವಳೇ ಅವಳು. ಈಗ ಒಂದು ಸೀರೆಯ ಅಂಚಿನ ಬಗ್ಗೆ ಹೇಳಿ ಮುಗಿಸುವಷ್ಟರಲ್ಲಿ ಏದುಸಿರು. 'ಅಕ್ಕಾ, ಆರಾಮಿಲ್ಲೇನು?' ಎಂದು ಕಾಣದ ಊರಿನ ಹೆಣ್ಣುಮಕ್ಕಳು ಕೇಳುತ್ತಿದ್ದರು. ಮನೆಯಲ್ಲಿದ್ದವರು ಕೇಳಲಿಲ್ಲ.

ಒಂದು ದಿನ ಅವಳೇ ಹೇಳಿದಳು, "ರೀ, ಇದು ಬೆಕ್ಕಿನಿಂದನ ಆಗಾಕತ್ತೈತಿ."

"ಬೆಕ್ಕಿನಿಂದ ಹ್ಯಾಂಗ ಆಗ್ತೈತಿ? ಅಲರ್ಜಿ ಇಲ್ಲದ ಜಾತಿ ಅಂತ ಹೇಳೇನಲ್ಲ," ಎಂದ ವೀರೇಶ. "ನೀ ಬೆಕ್ಕು ನೋಡಿದ ಕೂಡಲೆ ಹೆದರ್ತಿ. ಹೆದರಿಕಿಗೆ ಹಂಗ ಆಗ್ತೈತಿ."

ಕಸ್ತೂರೆವ್ವನೂ ದನಿಗೂಡಿಸಿದಳು. "ಹತ್ತಿ ದೂಳಿನಾಗ ಇಡೀ ಓಣಿ ಬಾಳ್ವೆ ಮಾಡ್ತೈತಿ. ಅದಕ್ಕ ಬರಲಾರದ ದಮ್ಮು ಒಂದು ಬೆಕ್ಕಿಗೆ ಬಂತಂದ್ರ ಯಾರು ನಂಬಬೇಕವ್ವಾ? ಗಂಗಾ ಈಗರ ನಕ್ಕೋತ ಅದಾಳ. ಅದನ್ನ ನೋಡಾಕ ಆಗವಲ್ದೇನು ನಿನಗ?"

ರಾಜಶ್ರೀಗೆ ಕಾಯಿಲೆ ಬಂದದ್ದು ಒಂದು ಕಷ್ಟ. ಬಂದಿದೆ ಎಂದು ಸಾಬೀತು ಮಾಡಬೇಕಾದದ್ದು ಇನ್ನೊಂದು. ಈ ಬೆಕ್ಕು ಬರುವ ಮೊದಲು ಅವಳು ಮನೆಯವರ ಕಣ್ಣಿಗೆ ರೋಗಿಯಾಗಿದ್ದಳು. ಅಲರ್ಜಿ ಇಲ್ಲದ ಜಾತಿ ಎಂಬ ಒಂದು ಮಾತು ಅವಳನ್ನು ಸುಳ್ಳಿಯನ್ನಾಗಿ ಮಾಡಿತ್ತು.

ಅವಳು ಒಬ್ಬಳೇ ಬಸ್ಸು ಹತ್ತಿ ಜಮಖಂಡಿಗೆ ಹೋಗಿ ಡಾಕ್ಟರಮ್ಮನಿಗೆ ತೋರಿಸಿದಳು. ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು.

"ತುಪ್ಪುಳದಿಂದ ಅಲರ್ಜಿ ಆಗೂದು ಅಂತ ಮಂದಿ ತಿಳಕೊಂಡಾರ. ತುಪ್ಪುಳದ್ದಲ್ಲ ಅದು. ಬೆಕ್ಕಿನ ಜೊಲ್ಲಿನಾಗ, ಚರ್ಮದಾಗ ಒಂದು ಅಂಶ ಇರ್ತೈತಿ. ಮೈ ನೆಕ್ಕೊಂಡಾಗ ಮೈಗೆಲ್ಲ ಹತ್ತಿ, ಒಣಗಿ, ಗಾಳ್ಯಾಗ ಹಾರ್ತೈತಿ. ಬೋಳು ಬೆಕ್ಕಿಗೂ ಇರ್ತೈತಿ, ಗಿಡ್ಡ ಕೂದಲಿನದಕ್ಕೂ ಇರ್ತೈತಿ. ಒಂದೊಂದು ಬೆಕ್ಕಿನಾಗ ಕಡಿಮಿ, ಒಂದೊಂದರಾಗ ಹೆಚ್ಚು. ಕೆಲವು ಜಾತಿಯೊಳಗ ಕಡಿಮಿ ಅಂತ ಹೇಳ್ತಾರ, ಆದ್ರ ಇಲ್ಲವೇ ಇಲ್ಲ ಅನ್ನೂ ಜಾತಿ ಯಾವುದೂ ಇಲ್ಲ. ಬರೀ ಸೀನು ಬರವರು ಧೈರ್ಯ ಮಾಡಬಹುದು. ನಿಮ್ಮಂಥ ದಮ್ಮಿನವರು ಪರೀಕ್ಷೆ ಮಾಡಿ ನೋಡೂ ವಿಷಯ ಅಲ್ಲ ಇದು."

ಬಾಯಿಗೆ ಒತ್ತಿಕೊಳ್ಳುವ ಪಂಪು, ಗುಳಿಗೆ, ಜೊತೆಗೆ ಆ ಮಾತು, ಇಷ್ಟನ್ನು ಹಿಡಿದುಕೊಂಡು ಅವಳು ಮನೆಗೆ ಬಂದಳು. ಪಂಪು ಮತ್ತು ಗುಳಿಗೆಯಿಂದ ಉಪಯೋಗವಾಯಿತು. ಮಾತಿನಿಂದ ಆಗಲಿಲ್ಲ. "ಡಾಕ್ಟರ್ ಮಂದಿ ಹಂಗ ಹೇಳವರ," ಎಂದಳು ಕಸ್ತೂರೆವ್ವ. ವೀರೇಶ ಮಗ್ಗದ ಕಡೆ ಎದ್ದು ಹೋದ.

ಆಮೇಲೆ ಒಂದು ಬೆಳಿಗ್ಗೆ ಅತ್ತೆಯೇ ಚಹಾದ ಕಪ್ಪು ಮುಂದಿಟ್ಟು ಹೇಳಿದಳು, "ಬೆಕ್ಕು ಕೊಟ್ಟು ಕಳಿಸೇವಿ. ರಬಕವಿಯೊಳಗ ಗಂಗಾನ ಗೆಳತಿ ಮನಿಗೆ. ಇನ್ನರ ಆರಾಮ ಇರು."

ರಾಜಶ್ರೀಗೆ ಸಂತೋಷಕ್ಕಿಂತ ಹೆಚ್ಚು ನಾಚಿಕೆಯಾಯಿತು. ಗಂಗಾಳನ್ನು ಹುಡುಕಿಕೊಂಡು ಹೋಗಿ ಕೈ ಹಿಡಿದಳು. "ನನಗೂ ಬ್ಯಾಸರ ಆತವ್ವಾ. ನಾ ಬೇಕಂತ ಮಾಡಿದ್ದಲ್ಲ." ಗಂಗಾ ಮುಖ ತಿರುಗಿಸಿಕೊಂಡು "ಇರಲಿ ಬಿಡ್ರಿ ವೈನಿ" ಎಂದಳು. ಅಳುತ್ತಿದ್ದಾಳೆ ಎಂದುಕೊಂಡಳು ರಾಜಶ್ರೀ. ನಗು ಅಡಗಿಸಿಕೊಳ್ಳುತ್ತಿದ್ದಾಳೆ ಎಂದು ಹೇಗೆ ತಿಳಿಯಬೇಕು?

ಆ ವಾರ ಅವಳು ಚೆನ್ನಾಗಿದ್ದಳು. ಔಷಧ ತಪ್ಪಿಸಲಿಲ್ಲ. ಹಾಸಿಗೆ ಒಗೆದಳು, ನೆಲ ಒರೆಸಿದಳು. ದನಿ ಬಂತು, ಸೀರೆಗಳು ಹೋದವು.

ಭಾನುವಾರ ಮಧ್ಯಾಹ್ನ ರಬಕವಿಯಿಂದ ಕಸ್ತೂರೆವ್ವನ ಅಕ್ಕ ಅನಸವ್ವ ಊಟಕ್ಕೆ ಬಂದಳು. ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಬಿಸಿ ರೊಟ್ಟಿ. ರಾಜಶ್ರೀಯೇ ಎಲ್ಲರಿಗೂ ಬಡಿಸಿ ಕೊನೆಗೆ ತಾನೂ ಕುಳಿತಳು. ಕಸ್ತೂರೆವ್ವ ಎಲ್ಲರೂ ಕೇಳುವಂತೆ ಕೇಳಿದಳು, "ಈಗ ಹ್ಯಾಂಗ ಐತೆವ್ವಾ ದಮ್ಮು?"

"ಈಗ ಆರಾಮ ಐತ್ರಿ ಅತ್ತಿ," ಎಂದಳು ರಾಜಶ್ರೀ. "ಬೆಕ್ಕು ಹೋದಾಗಿಂದ ಏನೂ ಇಲ್ಲ. ನಿಮ್ಮಿಂದ ಭಾಳ ಉಪಕಾರ ಆತ್ರಿ."

ಕಸ್ತೂರೆವ್ವ ಅಕ್ಕನ ಮುಖ ನೋಡಿದಳು. ಗಂಗಾ ಕೈ ತೊಳೆದುಕೊಂಡು ಮಹಡಿ ಹತ್ತಿದಳು. ಇಳಿದು ಬಂದಾಗ ಅವಳ ತೋಳಿನಲ್ಲಿ ಬೂದು ಬೆಕ್ಕಿತ್ತು. "ಇದು ಎಲ್ಲೂ ಹೋಗಿಲ್ರಿ ವೈನಿ! ಅಟ್ಟದ ಮ್ಯಾಲಿನ ಖೋಲಿಯೊಳಗ ಇತ್ತು!" ಎನ್ನುತ್ತ ಅದನ್ನು ರಾಜಶ್ರೀಯ ಮಡಿಲಿಗೆ ಹಾಕಿದಳು.

"ನೋಡಿದೇನ ಅಕ್ಕಾ?" ಎಂದು ಕಸ್ತೂರೆವ್ವ ತೊಡೆ ತಟ್ಟಿಕೊಂಡಳು. "ಒಂದು ವಾರ ಪೂರಾ ಬೆಕ್ಕು ಮನ್ಯಾಗೇ ಐತಿ. ಇಲ್ಲ ಅಂತ ಹೇಳಿದ ಕೂಡಲೆ ದಮ್ಮು ಹೋತು. ಎಂಥಾ ರೋಗ ಬೇ ಇದು?"

ರಾಜಶ್ರೀಗೆ ಮೊದಲು ತಿಳಿದದ್ದು ನಗು. ಆಮೇಲೆ ಗಂಡನ ಮುಖ. ಅವನು ತಾಟಿನ ಕಡೆ ನೋಡುತ್ತಿದ್ದ. ಅವನಿಗೂ ಗೊತ್ತಿತ್ತು. ವಾರವಿಡೀ ಅವಳ ಪಕ್ಕದಲ್ಲಿ ಮಲಗಿ ಎದ್ದವನಿಗೆ ಗೊತ್ತಿತ್ತು.

"ನಾ ಗುಳಿಗಿ ತಗೊಂಡೇನ್ರಿ," ಎನ್ನಲು ಹೋದಳು. "ಪಂಪು..." ಮಾತು ಅಲ್ಲಿಗೇ ನಿಂತಿತು. ಹೆದರಿದ ಬೆಕ್ಕು ಅವಳ ಭುಜ ಹತ್ತಿ, ಮುಖಕ್ಕೆ ಮೈ ಉಜ್ಜಿ ಹಾರಿಹೋಗಿತ್ತು. ಕಣ್ಣು ಉರಿಯಿತು. ಗಂಟಲು ಹಗ್ಗ ಬಿಗಿದಂತೆ ಬಿಗಿಯಿತು. ಒಳಗೆ ಎಳೆದ ಗಾಳಿ ಹೊರಗೆ ಬರಲೊಲ್ಲದು, ಹೊರಗಿನದು ಒಳಗೆ ಹೋಗಲೊಲ್ಲದು. ನೆಲಕ್ಕೆ ಕೈ ಊರಿ ಮುಂದಕ್ಕೆ ಬಾಗಿದಳು.

"ಶುರು ಆತು ನಾಟಕ," ಎಂದಳು ಕಸ್ತೂರೆವ್ವ.

ರಾಜಶ್ರೀ ತಲೆ ಎತ್ತಿ ಗಂಡನನ್ನು ನೋಡಿದಳು. ಅವನು ಅರ್ಧ ಎದ್ದಿದ್ದ. ಎದ್ದವನು ತಾಯಿಯ ಮುಖ ನೋಡಿದ. ಏಳಲೋ ಬೇಡವೋ ಎಂದು ಕೇಳುವಂತೆ ನೋಡಿದ. ಆ ನೋಟವನ್ನು ಅವಳು ಕಂಡಳು, ಉಸಿರಿಲ್ಲದೆ ಕಣ್ಣು ಕತ್ತಲೆ ಬರುತ್ತಿದ್ದರೂ ಸ್ಪಷ್ಟವಾಗಿ ಕಂಡಳು.

ಕೂಗಿದ್ದು ಅನಸವ್ವ. "ಏ ಕಸ್ತೂರಿ, ಆಕಿ ತುಟಿ ನೋಡು, ನೀಲಿ ಆಗ್ಯಾವ! ಎತ್ತೋ ವೀರೇಶಾ, ಕಲ್ಲಿನಂಗ ಯಾಕ ನಿಂತಿ? ಸತ್ತಗಿತ್ತಾಳು!"

ಜಮಖಂಡಿಯ ದವಾಖಾನೆಯಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿ, ಕೈಗೆ ಸೂಜಿ ಚುಚ್ಚಿ, ಉಸಿರು ಮತ್ತೆ ಅವಳದಾಗುವ ಹೊತ್ತಿಗೆ ಸಂಜೆಯಾಗಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರಮ್ಮ ವೀರೇಶನ ಮುಖಕ್ಕೆ ಹೇಳಿದರು. ಅವನು ಮಂಚದ ಪಕ್ಕದಲ್ಲಿ ಕುಳಿತು ಅತ್ತ. ಅವಳು ಗೋಡೆಯ ಕಡೆ ಹೊರಳಿಕೊಂಡಳು. ಅಳು ಅವಳಿಗೆ ಬರಲಿಲ್ಲ. ಬಂದದ್ದು ಸಿಟ್ಟು. ಉಸಿರಿನ ಜೊತೆಗೇ ಎದೆಗೆ ಇಳಿದು ಅಲ್ಲೇ ಕೂತ ಸಿಟ್ಟು.

ದವಾಖಾನೆಯಿಂದ ಬಿಡುವ ದಿನ ಗಲಗಲಿಯಿಂದ ಅಣ್ಣ ಪರಮಾನಂದ ಕಾರು ತಂದ. "ನಡಿ, ಮನಿಗೆ ಹೋಗೂಣು," ಎಂದ.

"ಮೊದಲ ಮುಧೋಳಕ್ಕ," ಎಂದಳು ರಾಜಶ್ರೀ. ಗಂಡನಿಗೆ ಹೇಳಿದಳು, "ನೀವು ಬೆಕ್ಕು ತಗೊಂಡು ನಿಮ್ಮ ಗಾಡ್ಯಾಗ ಬರ್ರಿ. ಅಲರ್ಜಿ ಇಲ್ಲ ಅಂತ ಹೇಳಿದಾಂವ ನನ್ನ ಮುಖ ನೋಡಿ ಅದೇ ಮಾತು ಹೇಳಬೇಕು."

"ಬ್ಯಾಡ, ನಿನಗ ಇನ್ನೂ ಆರಾಮಿಲ್ಲ. ನಾ ಒಬ್ಬನ ಹೋಗಿ ಬಿಟ್ಟು ಬರ್ತೇನಿ."

"ಬರ್ರಿ ಅಂದೆ."

ಜಗಳಕ್ಕೆ ಹೆದರುತ್ತಿದ್ದಾನೆ ಎಂದುಕೊಂಡಳು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಕಾರು ತೆವಳುತ್ತಿದ್ದಾಗ ಅವಳು ಆ ಅಣ್ಣಾಸಾಹೇಬನಿಗೆ ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲಿ ಮಸೆಯುತ್ತಿದ್ದಳು. ಹಣದಾಸೆಗೆ ಹೆಂಗಸೊಬ್ಬಳ ಕುತ್ತಿಗೆ ಹಿಸುಕಿದವನು. ಅವನನ್ನು ಸುಮ್ಮನೆ ಬಿಡಬಾರದು.

ಅಣ್ಣಾಸಾಹೇಬನ ಜಾಗ ಮುಧೋಳದ ಹೊರಗೆ ಹೊಲದ ಅಂಚಿನಲ್ಲಿತ್ತು. ಬೇವಿನ ನೆರಳಿಗೆ ಕಟ್ಟಿದ್ದ ಸಣ್ಣ ನಡುವಿನ, ಎತ್ತರದ ನಾಯಿಗಳು ಎದ್ದು ನಿಂತವು. ಬೆಕ್ಕುಗಳಿಗೆ ಬೇರೆ ಕೋಣೆಯಿತ್ತು. ಬಿಳಿ ಮೀಸೆಯ, ಗಟ್ಟಿ ಮೈಕಟ್ಟಿನ ಅಣ್ಣಾಸಾಹೇಬ ಕುರ್ಚಿ ತರಿಸಿದ. ರಾಜಶ್ರೀ ಕೂರಲಿಲ್ಲ. ಮೂಗಿಗೆ ಮಾಸ್ಕ್ ಹಾಕಿಕೊಂಡು ಅಂಗಳದಲ್ಲೇ ನಿಂತಳು.

"ಅಲರ್ಜಿ ಇಲ್ಲದ ಬೆಕ್ಕು ಅಂತ ಮಾರ್ತೀರಲ್ಲ, ನಾಚಿಕಿ ಆಗೂದಿಲ್ಲೇನು ನಿಮಗ? ನಾನು ಸಾಯೂದು ಒಂದು ಬಾಕಿ ಇತ್ತು. ನಿಮ್ಮ ಮಾತು ಹಿಡಕೊಂಡು ಮನಿ ಮಂದಿಯೆಲ್ಲ ನನ್ನ ಸುಳ್ಳಿ ಅಂದ್ರು!"

ಅಣ್ಣಾಸಾಹೇಬ ಕೈ ಅಡ್ಡ ತಂದ. "ನಿಂದರು ತಂಗಿ. ನಾ ಹಂಗ ಹೇಳೇ ಇಲ್ಲ."

"ಮತ್ತ ಇವರು ಹೇಳಿದ್ದು?"

ಅಣ್ಣಾಸಾಹೇಬ ವೀರೇಶನ ಕಡೆ ನೋಡಿದ. ವೀರೇಶ ಬೆಕ್ಕಿನ ಬುಟ್ಟಿ ಹಿಡಿದು ಗೇಟಿನ ಹತ್ತಿರವೇ ನಿಂತಿದ್ದ.

"ಈ ಜಾತಿ ಕೆಲವರಿಗೆ ತ್ರಾಸು ಕಡಿಮಿ ಕೊಡ್ತೈತಿ ಅಂತಾರ, ಎಲ್ಲಾರಿಗೂ ಹಂಗಲ್ಲ ಅಂದೇನಿ. ಮನ್ಯಾಗ ದಮ್ಮಿನವರು ಅದಾರೇನು ಅಂತ ನಾನೇ ಕೇಳೇನಿ. ಹೆಂಡತಿಗೆ ಐತಿ ಅಂದ್ರು. ಹಂಗಾದ್ರ ಅವರನ್ನ ಕರಕೊಂಡು ಬರ್ರಿ, ನಾಕ ಸಲ ಬಂದು ಇಲ್ಲಿ ಕುಂದ್ರಲಿ, ಡಾಕ್ಟರನ್ನೂ ಕೇಳ್ರಿ, ಆಮ್ಯಾಲೆ ಒಯ್ಯೂದು ಬಿಡೂದು ನೋಡೂಣು ಅಂದೇನಿ."

"ಅದಕ್ಕ ಏನಂದ್ರು?"

ಅಣ್ಣಾಸಾಹೇಬ ಸ್ವಲ್ಪ ಹಿಂಜರಿದ. "'ಆಕಿದು ಬರೀ ಮನಸಿನ ರೋಗ ಐತ್ರಿ, ಅಲರ್ಜಿ ಇಲ್ಲ ಅಂತ ಹೇಳಿದ್ರ ಸಾಕು, ತಾನ ಆರಾಮ ಆಗ್ತಾಳ' ಅಂದ್ರು."

ನಾಯಿಯೊಂದು ಬೊಗಳಿ ಸುಮ್ಮನಾಯಿತು. ಪರಮಾನಂದ ಮುಷ್ಟಿ ಬಿಗಿದು ಹೆಜ್ಜೆ ಮುಂದಿಟ್ಟ. ರಾಜಶ್ರೀ ಅವನ ತೋಳು ಹಿಡಿದು ನಿಲ್ಲಿಸಿದಳು. ದಾರಿಯುದ್ದಕ್ಕೂ ಮಸೆದು ತಂದ ಮಾತುಗಳೆಲ್ಲ ಬಾಯಲ್ಲಿದ್ದವು, ಆದರೆ ಅವನ್ನು ಆಡಬೇಕಾದ ಮನುಷ್ಯ ಬೇರೆಯಾಗಿದ್ದ.

"ಅಷ್ಟೆಲ್ಲ ತಿಳಿದೂ ಬೆಕ್ಕು ಯಾಕ ಕೊಟ್ರಿ?" ಎಂದು ಅಣ್ಣಾಸಾಹೇಬನಿಗೆ ಕೇಳಿದಳು. ಅವನು ವೀರೇಶನ ಕೈಯಿಂದ ಬುಟ್ಟಿ ಇಸಿದುಕೊಂಡು ಒಳಗೆ ಹೋದ.

ಆಗ ಅವಳು ಗಂಡನ ಕಡೆ ತಿರುಗಿದಳು. "ಖರೆ ಏನ್ರಿ?"

"ಗಂಗಾ ಊಟ ಬಿಟ್ಟಿದ್ಲು ರಾಜಶ್ರೀ," ಎಂದ ಅವನು, ತಲೆ ಎತ್ತದೆ. "ಅದೊಂದ ಬೇಕಂತಿದ್ಲು. ನಿನಗ ಇಷ್ಟು ಆಗ್ತೈತಿ ಅಂತ ನಾ..."

"ತಂಗಿ ಊಟ ಬಿಟ್ಟದ್ದು ಕಂಡಿತು. ನಾ ಉಸಿರು ಬಿಟ್ಟದ್ದು ಕಾಣಲಿಲ್ಲ. ಗಂಗಾಗ ಬೆಕ್ಕು ಬೇಕಾಗೇತಿ, ಏನ ಮಾಡೂಣು ಅಂತ ನನ್ನ ಕೇಳಿದ್ರ ನಾ ಏನಾರ ದಾರಿ ಹುಡುಕ್ತಿದ್ದೆ. ನೀವು ಸುಳ್ಳು ಹೇಳಿದ್ರಿ. ಹೇಳಿ, ಆ ಸುಳ್ಳಿಗೆ ನನ್ನ ಸುಳ್ಳಿ ಮಾಡಿದ್ರಿ. ನಿಮ್ಮವ್ವ ನಗುವಾಗ ಸುಮ್ಮನ ಉಂಡ್ರಿ." ಉಸಿರು ಸಾಲದೆ ನಿಂತಳು. ಪಂಪು ತೆಗೆದು ಬಾಯಿಗೆ ಒತ್ತಿಕೊಂಡು, ಅವನ ಕಡೆ ನೋಡುತ್ತಲೇ ಎಳೆದುಕೊಂಡಳು. "ಈಗ ಬನಹಟ್ಟಿಗೆ ನಡೀರಿ. ನೀವ ಹೇಳ್ರಿ ನಿಮ್ಮವ್ವಗ."

"ಗಲಗಲಿಗೆ ಬಾರವಾ," ಎಂದ ಪರಮಾನಂದ.

"ತಪ್ಪು ಮಾಡಿದಾಂವ ಮನ್ಯಾಗ ಇರಬೇಕು, ನಾ ಊರು ಬಿಟ್ಟು ಬರಬೇಕೇನು? ನಾ ಎಲ್ಲೂ ಬರೂದಿಲ್ಲ ಅಣ್ಣಾ."

ಮನೆಯಲ್ಲಿ ಅನಸವ್ವ ಇನ್ನೂ ಇದ್ದಳು. ರಾಜಶ್ರೀ ಹೊಸಿಲು ದಾಟಲಿಲ್ಲ, ಕಟ್ಟೆಯ ಮೇಲೆ ಕುಳಿತಳು. ಎಲ್ಲರನ್ನೂ ಅಲ್ಲಿಗೇ ಕರೆಸಿದಳು. ವೀರೇಶ ನುಂಗಿ ನುಂಗಿ ಹೇಳಿದ. ಪಕ್ಕದ ಮಗ್ಗದ ಸದ್ದಿನಲ್ಲಿ ಅರ್ಧ ಕೇಳಿಸಲಿಲ್ಲ. "ಜೋರಾಗಿ," ಎಂದಳು ರಾಜಶ್ರೀ. ಅವನು ಮೊದಲಿನಿಂದ ಮತ್ತೆ ಹೇಳಿದ.

ಗಂಗಾ ಬಾಯಿಗೆ ಸೆರಗು ಒತ್ತಿಕೊಂಡಳು. "ನನಗೂ ಸುಳ್ಳು ಹೇಳಿದಿ ಅಣ್ಣಾ? ವೈನಿ ಮಡಿಲಾಗ ನಾನ ಕೈಯಾರೆ ಹಾಕೇನಲ್ಲೋ!"

ಕಸ್ತೂರೆವ್ವನ ಮುಖ ಕಪ್ಪಿಟ್ಟಿತು. ಎದ್ದು ಬಂದು ಮಗನ ಬೆನ್ನಿಗೆ ಗುದ್ದಿದಳು. "ಮುಕಳ್ಯಾ, ನಿನ್ನ ಮಾತು ನಂಬಿ ನಾ ಆ ಹುಡುಗಿನ್ನ ನಗ್ಯಾಡಿದ್ನಲ್ಲೋ! ನನ್ನ ಕೈಯಾಗ ಜೀವ ಹೋಗ್ತಿತ್ತಲ್ಲೋ!" ಆಮೇಲೆ ಸೊಸೆಯ ಕಡೆ ಹೊರಳಿದಳು. "ನನಗ ಗೊತ್ತಿರಲಿಲ್ಲ ಯವ್ವಾ. ಇಂವ ಹೇಳಿದ್ದನ್ನ ನಂಬಿದೆ. ನಂದೇನು ತಪ್ಪು ಹೇಳು?"

ಅಷ್ಟಕ್ಕೇ ಎಲ್ಲ ಮುಗಿಯಬಹುದಿತ್ತು. ಅನಸವ್ವ ಅದೇ ಆಸೆಯಿಂದ "ಆತು ಬಿಡ್ರಿ, ಎಲ್ಲಾ ಬಯಲಾತಲ್ಲ" ಎಂದು ಏಳಲು ಹೊರಟಳು. ರಾಜಶ್ರೀ ಬಿಡಲಿಲ್ಲ.

"ಅತ್ತಿ, ಇವರ ಮಾತು ನಂಬಿದ್ರಿ. ಮುಖಾನ ನೋಡಲಾರದ, ಬೆಕ್ಕು ಮಾರಾವನ ಮಾತು ನಂಬಿದ್ರಿ. ನಾನು ನಿಮ್ಮ ಕಣ್ಣ ಮುಂದ ದಮ್ಮು ಹತ್ತಿ ಒದ್ದಾಡಾಕತ್ತಿದ್ದೆ. ಅದನ್ನ ಯಾಕ ನಂಬಲಿಲ್ಲ? ಇವರು ಸುಳ್ಳು ಹೇಳ್ಯಾರ ಅಂತ ಗೊತ್ತಾದ ಮ್ಯಾಲೆ ಈಗ ನಾ ಖರೆ ಆದೆ. ಅಣ್ಣಾಸಾಹೇಬ ಹೇಳದೇ ಇದ್ರ ಇನ್ನೂ ಸುಳ್ಳಿನ ಅಲ್ಲೇನು ನಿಮಗ?"

ಕಸ್ತೂರೆವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು.

ಬೆಕ್ಕು ಹೋದರೂ ಅದರ ಅಂಶ ಮನೆಯಿಂದ ಹೋಗಲು ತಿಂಗಳುಗಳೇ ಬೇಕು ಎಂದಿದ್ದರು ಡಾಕ್ಟರಮ್ಮ. ವೀರೇಶ ಗಾದಿಗಳನ್ನು ಬಿಸಿಲಿಗೆ ಹಾಕಿದ, ಪರದೆಗಳನ್ನು ಕಿತ್ತು ಒಗೆದ, ಗೋಡೆ ಒರೆಸಿದ. ಯಾರೂ ಹೇಳಲಿಲ್ಲ, ಅವನೇ ಮಾಡಿದ. ರಾಜಶ್ರೀ ಆ ಕೆಲಸಕ್ಕೆ ಕೈ ಹಚ್ಚಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮಾರಾಟದ ಕೋಣೆಗೆ ತನ್ನ ಹಾಸಿಗೆ ಸಾಗಿಸಿಕೊಂಡಳು.

ಗಂಗಾ ಭಾನುವಾರಗಳಂದು ಬಸ್ಸು ಹತ್ತಿ ಮುಧೋಳಕ್ಕೆ ಹೋಗಿ ಬೆಕ್ಕನ್ನು ನೋಡಿಬರುತ್ತಾಳೆ. ಬಂದವಳು ಹಿತ್ತಲಿನಿಂದಲೇ ಬಚ್ಚಲಿಗೆ ಹೋಗಿ, ಮಿಂದು, ಬಟ್ಟೆ ಬದಲಿಸಿ, ಆಮೇಲೆ ಒಳಗೆ ಬರುತ್ತಾಳೆ. ಒಂದು ಸಂಜೆ ಒದ್ದೆ ಕೂದಲಿನಲ್ಲೇ ಬಂದು ರಾಜಶ್ರೀಯ ಪಕ್ಕ ಕುಳಿತು ಸೀರೆ ಮಡಚತೊಡಗಿದಳು. ಬೆಕ್ಕು ಹೇಗಿದೆ ಎಂದು ರಾಜಶ್ರೀಯೇ ಕೇಳಿದಳು. "ದಪ್ಪ ಆಗೇತ್ರಿ ವೈನಿ," ಎಂದಳು ಗಂಗಾ. ಇಬ್ಬರೂ ಸ್ವಲ್ಪ ನಕ್ಕರು.

ಆ ನಗು ಕೇಳಿ ವೀರೇಶ ಬಾಗಿಲಿಗೆ ಬಂದ. ತಂಗಿ ಎದ್ದು ಹೋಗುವವರೆಗೆ ಕಾದು ನಿಂತ.

"ಇನ್ನೂ ಸಿಟ್ಟು ಐತೇನು?" ಎಂದು ಕೇಳಿದ.

"ಐತಿ," ಎಂದಳು ರಾಜಶ್ರೀ.

ಅವನು ನಿಂತೇ ಇದ್ದ. ಅವಳು ಮುಂದಿನ ಸೀರೆ ಬಿಡಿಸಿ, ಫೋನು ಹಚ್ಚಿ, ಗಂಟಲು ಸರಿಮಾಡಿಕೊಂಡು ಗಿರಾಕಿಗಳಿಗೆ ನಮಸ್ಕಾರ ಹೇಳಿದಳು.